ಗ್ರಂಥಾಲಯದ ಮೇಜಿಗೆ ಹನ್ನೆರಡು ಟ್ಯಾಬ್: ಹುಡುಕಲಿಕ್ಕೆ ಛಲೋ, ಬರೆಯಲಿಕ್ಕೆ ಬ್ಯಾಡ

ಸಂಶೋಧನಾ ಲೇಖನದ ಪಿಡಿಎಫ್ ಸಾಮಾನ್ಯವಾಗಿ ಎ4 ಹಾಳೆಯ ಅಳತೆಯದು, ಅಂದರೆ 21 ಸೆಂ.ಮೀ. ಅಗಲ. 11 ಇಂಚಿನ ಟ್ಯಾಬನ್ನು ಉದ್ದಕ್ಕೆ ಹಿಡಿದರೆ ಪರದೆಯ ಅಗಲ ಸುಮಾರು 14.8 ಸೆಂ.ಮೀ. ಪುಟ ಶೇ 70ಕ್ಕೆ ಕುಗ್ಗುತ್ತದೆ, 10 ಪಾಯಿಂಟಿನ ಅಕ್ಷರ 7 ಪಾಯಿಂಟ್ ಆಗುತ್ತದೆ. ಓದಬಹುದು. 8.7 ಇಂಚಿನ ಸಣ್ಣ ಟ್ಯಾಬಿನಲ್ಲಿ ಅದೇ ಪುಟ ಶೇ 54ಕ್ಕೆ ಇಳಿದು ಅಕ್ಷರ ಐದೂವರೆ ಪಾಯಿಂಟಿಗೂ ಕಡಿಮೆಯಾಗುತ್ತದೆ. ಎರಡು ಬೆರಳಿನಿಂದ ಹಿಗ್ಗಿಸಿ, ಎಡಕ್ಕೂ ಬಲಕ್ಕೂ ಜರುಗಿಸುತ್ತ ಎರಡು ಕಾಲಮ್ಮಿನ ಲೇಖನ ಓದುವುದೆಂದರೆ ಬಾಗಿಲ ಸಂದಿಯಿಂದ ತೇರು ನೋಡಿದ ಹಾಗೆ. ಕೊಟೇಷನ್ನಿನಲ್ಲಿ ಸಣ್ಣ ಟ್ಯಾಬ್ ಅಗ್ಗ ಕಾಣುತ್ತದೆ. ಗ್ರಂಥಾಲಯದ ಮಟ್ಟಿಗೆ ಅದು ದಂಡ.

ಇಲ್ಲಿ ಅಳತೆಗೋಲಾಗಿ ಇಟ್ಟುಕೊಂಡದ್ದು ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್‌ನ ವೈಫೈ ಮಾದರಿ. ವಿಜಯಪುರ, ಬಾಗಲಕೋಟೆ ಕಡೆಯ ಪದವಿ ಮತ್ತು ಸ್ನಾತಕೋತ್ತರ ಕಾಲೇಜುಗಳ ಗ್ರಂಥಾಲಯದಲ್ಲಿ ಒಂದು ತಾಸಿನ ಸಂಶೋಧನಾ ಕೌಶಲದ ತರಗತಿಗೆ ಇಂಥ ಹನ್ನೆರಡು ತರಿಸಿದರೆ ಏನು ದಕ್ಕುತ್ತದೆ, ಏನು ದಕ್ಕುವುದಿಲ್ಲ ಎಂಬುದು ವಿಷಯ. 2023ರ ಅಕ್ಟೋಬರಿನಲ್ಲಿ ಬಂದ ಮಾದರಿ ಇದು: 1920×1200 ಪಿಕ್ಸೆಲ್ ಪರದೆ, 7040 ಎಂಎಎಚ್ ಬ್ಯಾಟರಿ, 480 ಗ್ರಾಂ ತೂಕ, ಮೆಮೊರಿ ಕಾರ್ಡಿಗೆ ಜಾಗ, ಇಯರ್‌ಫೋನಿಗೆ ಹಳೆಯ ದುಂಡು ತೂತು. ಈಚೆಗೆ ಹೊಸ ಮಾದರಿಗಳೂ ಬಂದಿವೆ. ಅಂಗಡಿಯವರು ಯಾವುದನ್ನೇ ತೋರಿಸಲಿ, ಈ ಅಂಕಿಗಳ ಪಕ್ಕ ಇಟ್ಟು ನೋಡಿ. 4 ಜಿಬಿ ರ‍್ಯಾಮಿನದು ಬೇಡ, 8 ಜಿಬಿಯದೇ ಇರಲಿ. ಒಂದು ಬದಿಗೆ ಪಿಡಿಎಫ್, ಇನ್ನೊಂದು ಬದಿಗೆ ಡೇಟಾಬೇಸ್ ತೆರೆದಾಗ ಕಡಿಮೆ ರ‍್ಯಾಮಿನ ಟ್ಯಾಬ್ ಹಿಂದಿನ ಪುಟ ಮರೆತು ಮೊದಲಿನಿಂದ ಲೋಡ್ ಮಾಡುತ್ತದೆ. ಹುಡುಗಿ ಕಷ್ಟಪಟ್ಟು ಹಾಕಿದ ಫಿಲ್ಟರುಗಳೆಲ್ಲ ಅಳಿಸಿಹೋಗುತ್ತವೆ.

ಐಪ್ಯಾಡಿನ ಪರದೆ ಎ4 ಆಕಾರಕ್ಕೆ ಹೆಚ್ಚು ಹತ್ತಿರ. 10.9 ಇಂಚಿನದರಲ್ಲೂ 15.8 ಸೆಂ.ಮೀ. ಅಗಲ ಸಿಗುತ್ತದೆ, ಬರೀ ಓದಿಗಾದರೆ ಅದೇ ಮೇಲು. ಆದರೆ 2025ರ ಮಾದರಿ ಬಿಡುಗಡೆಯಾದಾಗ ಅದರ ಆರಂಭದ ಬೆಲೆ 34,900 ರೂಪಾಯಿ ಇತ್ತು. ಅಷ್ಟರಲ್ಲಿ ಹತ್ತಿರ ಹತ್ತಿರ ಎರಡು ಆಂಡ್ರಾಯ್ಡ್ ಟ್ಯಾಬ್ ಬರುತ್ತಿದ್ದವು.

ಅಂಕ ಕೊಡುವುದಾದರೆ ಹೀಗೆ: ಹುಡುಕಾಟ ಕಲಿಸಲಿಕ್ಕೆ 5ಕ್ಕೆ 4, ಓದಿಗೆ 3, ಪ್ರಬಂಧ ಬರೆಯಲಿಕ್ಕೆ 1. ಆ ಕೊನೆಯ ಒಂದೂ ದಾಕ್ಷಿಣ್ಯದ್ದು.

ಹನ್ನೆರಡರಲ್ಲಿ ಹತ್ತನ್ನು ಮಾತ್ರ ಹಂಚಬೇಕು, ಎರಡು ಚಾರ್ಜಿನಲ್ಲೇ ಇರಬೇಕು. ಒಂದು ಬ್ಯಾಚಿಗೆ ಇಪ್ಪತ್ತು ಜನ, ಇಬ್ಬರಿಗೆ ಒಂದು ಟ್ಯಾಬ್. ಒಬ್ಬರು ಟೈಪ್ ಮಾಡಿದರೆ ಇನ್ನೊಬ್ಬರು ನೋಟ್‌ಬುಕ್ಕಿನಲ್ಲಿ ಯಾವ ಪದ ಹಾಕಿದಾಗ ಎಷ್ಟು ಫಲಿತಾಂಶ ಬಂತೆಂದು ಬರೆದುಕೊಳ್ಳುತ್ತಾರೆ. ಅರ್ಧ ತಾಸಿಗೆ ಅದಲುಬದಲು. ಒಬ್ಬರಿಗೊಂದು ಕೊಟ್ಟರೆ ಬರೆದುಕೊಳ್ಳುವ ಕೆಲಸ ಯಾರೂ ಮಾಡುವುದಿಲ್ಲ. ಮೂವರಿಗೊಂದು ಕೊಟ್ಟರೆ ಮೂರನೆಯವರು ತಮ್ಮ ಮೊಬೈಲ್ ತೆಗೆಯುತ್ತಾರೆ.

ಡಬ್ಬಿ ಒಡೆದ ದಿನ ಮಾಡುವ ಕೆಲಸವೇ ಮುಂದಿನ ಮೂರು ವರ್ಷದ ಹಣೆಬರಹ. ಹೊಸ ಟ್ಯಾಬ್ ಮೊದಲ ಸಲ ಆನ್ ಆಗಿ ಸ್ವಾಗತದ ಪರದೆ ಬಂದಾಗ ಅದರ ಮೇಲೆ ಒಂದೇ ಜಾಗದಲ್ಲಿ ಆರು ಸಲ ತಟ್ಟಿದರೆ ಕ್ಯೂಆರ್ ಕೋಡ್ ಓದುವ ಕಿಟಕಿ ತೆರೆಯುತ್ತದೆ. ಎಲ್ಲ ಟ್ಯಾಬುಗಳನ್ನೂ ಒಂದೇ ಕಡೆಯಿಂದ ಹತೋಟಿಯಲ್ಲಿಡುವ ಸಾಧನ ನಿರ್ವಹಣೆಯ ಸೇವೆ ಕೊಂಡಿದ್ದರೆ ಅವರು ಕೊಟ್ಟ ಕೋಡನ್ನು ಇಲ್ಲಿ ತೋರಿಸಬೇಕು. ಇದನ್ನು ಬಿಟ್ಟು ಯಾರದೋ ಜಿಮೇಲ್ ಹಾಕಿ ಮುಂದೆ ಹೋದರೆ ಆಮೇಲೆ ಮತ್ತೆ ಫ್ಯಾಕ್ಟರಿ ರಿಸೆಟ್ ಮಾಡಿಯೇ ಬರಬೇಕಾಗುತ್ತದೆ. ಆ ವ್ಯವಸ್ಥೆಯಲ್ಲಿ ಮೊದಲು ಮುಚ್ಚಬೇಕಾದದ್ದು ಒಂದೇ: ಹೊಸ ಖಾತೆ ಸೇರಿಸುವ ಅವಕಾಶ. ವಿದ್ಯಾರ್ಥಿ ತನ್ನ ಗೂಗಲ್ ಖಾತೆ ಹಾಕಿ, ಪಿನ್ ಕೂಡ ಇಟ್ಟು ಮರೆತುಹೋದನೆಂದು ಇಟ್ಟುಕೊಳ್ಳಿ. ಬಟನ್ ಒತ್ತಿ ರಿಸೆಟ್ ಮಾಡಿದರೂ ಟ್ಯಾಬ್ ಮತ್ತೆ ಅದೇ ಖಾತೆಯ ಪಾಸ್‌ವರ್ಡ್ ಕೇಳುತ್ತದೆ, ಕಳ್ಳತನ ತಡೆಯಲೆಂದು ಆಂಡ್ರಾಯ್ಡ್ ಮಾಡಿರುವ ಏರ್ಪಾಡು ಅದು. ಆ ಹುಡುಗ ಅಷ್ಟೊತ್ತಿಗೆ ಕೋರ್ಸ್ ಮುಗಿಸಿ ಪುಣೆಯಲ್ಲಿ ಕೆಲಸಕ್ಕೆ ಸೇರಿರುತ್ತಾನೆ.

ನಿರ್ವಹಣಾ ಸೇವೆಗೆ ದುಡ್ಡಿಲ್ಲದಿದ್ದರೆ ಬಡವರ ದಾರಿಯೂ ಒಂದಿದೆ. ಭದ್ರತೆಯ ಸೆಟ್ಟಿಂಗಿನಲ್ಲಿ ಆ್ಯಪ್ ಪಿನ್ ಮಾಡುವ ಆಯ್ಕೆ ಆನ್ ಮಾಡಿ, ಬಿಡಿಸಲು ಪಿನ್ ಬೇಕೆಂದು ಇಟ್ಟು, ಕ್ರೋಮ್ ಒಂದನ್ನೇ ಪಿನ್ ಮಾಡಿ ಕೊಡುವುದು. ಅದೂ ಇನ್‌ಕಾಗ್ನಿಟೊ ಕಿಟಕಿಯಲ್ಲಿ. ತಾಸು ಮುಗಿದ ಮೇಲೆ ಆ ಕಿಟಕಿಯನ್ನು ಮುಚ್ಚಲೇಬೇಕು, ಮುಚ್ಚದಿದ್ದರೆ ಲಾಗಿನ್ ಹಾಗೇ ಉಳಿಯುತ್ತದೆ. ಡೌನ್‌ಲೋಡ್ ಆದ ಕಡತಗಳಂತೂ ಇನ್‌ಕಾಗ್ನಿಟೊ ಮುಚ್ಚಿದರೂ ಹೋಗುವುದಿಲ್ಲ, ಅವನ್ನು ಕೈಯಾರೆ ಅಳಿಸಬೇಕು.

ಹಾಗಾದರೆ ವಿದ್ಯಾರ್ಥಿ ಹುಡುಕಿದ್ದನ್ನು ಮನೆಗೆ ಒಯ್ಯುವುದು ಹೇಗೆ? ಲಾಗಿನ್ ಬೇಡದ ಒಂದು ಗೂಗಲ್ ಫಾರ್ಮ್ ಸಾಕು. ಲೇಖಕ, ವರ್ಷ, ಶೀರ್ಷಿಕೆ, ಪತ್ರಿಕೆ ಅಥವಾ ವಿಶ್ವವಿದ್ಯಾಲಯ, ಕೊಂಡಿ, «ಇದು ನನ್ನ ಪ್ರಶ್ನೆಗೆ ಯಾಕೆ ಬೇಕು» ಎಂದು ಆರು ಖಾನೆ. ಆರನೆಯದನ್ನು ಕಡ್ಡಾಯ ಮಾಡಿ. ಶಿಕ್ಷಕರು ತಿದ್ದುವುದು ಅದೊಂದನ್ನೇ.

ಇನ್ನು ನೆಟ್‌ವರ್ಕ್. ಕ್ಯಾಂಪಸ್ಸಿನ ಐಪಿ ವಿಳಾಸ ನೋಡಿ ಬಾಗಿಲು ತೆರೆಯುವ ಪ್ರಕಾಶಕರ ತಾಣಗಳು ಟ್ಯಾಬಿನಲ್ಲಿ ತೆರೆಯದಿದ್ದರೆ ಮೊದಲು ನೋಡಬೇಕಾದದ್ದು, ಅದು ಕಾಲೇಜಿನ ವೈಫೈಯಲ್ಲಿದೆಯೋ ಯಾರದೋ ಮೊಬೈಲ್ ಹಾಟ್‌ಸ್ಪಾಟಿನಲ್ಲಿದೆಯೋ ಎಂಬುದನ್ನು. ಹಾಟ್‌ಸ್ಪಾಟ್ ವೇಗವಾಗಿದೆ ಎಂದು ಅಲ್ಲಿಗೆ ಜಿಗಿದವರಿಗೆ ಲೇಖನದ ಬದಲು ಡಾಲರಿನಲ್ಲಿ ಅದರ ಬೆಲೆ ಕಾಣುತ್ತದೆ. ಎರಡನೆಯ ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಕಾಲೇಜಿನ ಫೈರ್‌ವಾಲ್ ಪ್ರತಿ ಸಾಧನವನ್ನೂ ಮ್ಯಾಕ್ ವಿಳಾಸ ಎಂಬ ಅದರ ಗುರುತಿನ ಅಂಕಿಯಿಂದ ಗುರುತಿಸುವಂತಿದ್ದರೆ ಪೇಚು: ಈಗಿನ ಟ್ಯಾಬುಗಳು ವೈಫೈಗೆ ಸುಳ್ಳು ಮ್ಯಾಕ್ ವಿಳಾಸ ಕೊಡುತ್ತವೆ. ಕಂಪ್ಯೂಟರ್ ವಿಭಾಗದವರು ನೋಂದಾಯಿಸಿದ ಅಂಕಿ ಒಂದು, ಟ್ಯಾಬ್ ಹೇಳುವುದು ಇನ್ನೊಂದು. ಆ ವೈಫೈ ಹೆಸರಿನ ಪಕ್ಕದ ಗಾಲಿ ಗುರುತು ಒತ್ತಿ, ಮ್ಯಾಕ್ ವಿಳಾಸದ ಬಗೆಯಲ್ಲಿ ಸಾಧನದ್ದೇ ಮ್ಯಾಕ್ ಇರಲಿ ಎಂದು ಬದಲಿಸಬೇಕು. ಐಪ್ಯಾಡಿನಲ್ಲಿ ಅದೇ ಸಂಗತಿ ಖಾಸಗಿ ವೈಫೈ ವಿಳಾಸ ಎಂಬ ಹೆಸರಲ್ಲಿದೆ. ಹನ್ನೆರಡಕ್ಕೂ ಮಾಡಲು ಇಪ್ಪತ್ತು ನಿಮಿಷ. ಮಾಡದಿದ್ದರೆ ತರಗತಿಯ ಅರ್ಧ ಅದರಲ್ಲೇ ಹೋಗುತ್ತದೆ.

ಸರ್ಕಾರಿ ಸಂಸ್ಥೆಗಳಿಗೆ 2025ರ ಜನವರಿಯಿಂದ ಸಂಶೋಧನಾ ಪತ್ರಿಕೆಗಳಿಗೆ ಕೇಂದ್ರವೇ ಚಂದಾ ಕಟ್ಟುವ ಒಂದು ರಾಷ್ಟ್ರ ಒಂದು ಚಂದಾ ಯೋಜನೆ ಇದೆ: 30 ಪ್ರಕಾಶಕರು, ಹತ್ತಿರ ಹತ್ತಿರ 13,000 ಪತ್ರಿಕೆ, 2027ರವರೆಗಿನ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಅನುದಾನಿತ ಕಾಲೇಜುಗಳು ಹೆಚ್ಚಾಗಿ ನೆಚ್ಚಿಕೊಂಡಿರುವುದು ಕಾಲೇಜುಗಳಿಗೆ ಇ-ಪತ್ರಿಕೆ, ಇ-ಪುಸ್ತಕ ಒದಗಿಸುವ ಇನ್‌ಫ್ಲಿಬ್‌ನೆಟ್‌ನ ಎನ್‌-ಲಿಸ್ಟನ್ನು. ಅದಕ್ಕೆ ಪ್ರತಿಯೊಬ್ಬರಿಗೂ ಅವರವರ ಐಡಿ, ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಮರೆತವರು ಹಿಂದಿನ ದಿನವೇ ಹೊಸದು ಪಡೆದು ಬರಲಿ. ತರಗತಿಯಲ್ಲಿ ಕುಳಿತು ಇ-ಮೇಲ್ ಕಾಯುವುದು ಸಂಶೋಧನಾ ಕೌಶಲವಲ್ಲ.

ಈಗ ಪಾಠಕ್ಕೆ ಬರೋಣ. ಟ್ಯಾಬ್ ತನ್ನ ಬೆಲೆ ತೀರಿಸುವುದು ಇಲ್ಲೇ. ವಿಷಯ ಊರಿನದೇ ಇರಲಿ: ಬಾಗಲಕೋಟೆ ಜಿಲ್ಲೆಯ ನೇಕಾರರು. ಹುಡುಗರು ಮೊದಲು ಹೊಡೆಯುವುದು ಪ್ರಬಂಧದ ಶೀರ್ಷಿಕೆಯನ್ನೇ, «ನೇಕಾರರ ಸಾಮಾಜಿಕ ಆರ್ಥಿಕ ಸ್ಥಿತಿಗತಿ: ಒಂದು ಅಧ್ಯಯನ» ಅಂತ ಉದ್ದಕ್ಕೆ. ಅದನ್ನು ಮೂರು ತುಂಡು ಮಾಡಿಸಿ: ಊರು, ಕಸುಬು, ಪ್ರಶ್ನೆ. ಊರಿನ ತುಂಡಿನಲ್ಲೇ ಅರ್ಧ ಪಾಠ ಅಡಗಿದೆ. ಇಂಗ್ಲಿಷಿನಲ್ಲಿ ಬಾಗಲ್‌ಕೋಟ್ ಎಂದು ಬರೆದವರಿದ್ದಾರೆ, ಕೊನೆಗೊಂದು ‘ಇ’ ಸೇರಿಸಿದವರಿದ್ದಾರೆ. ಅದು ಜಿಲ್ಲೆಯಾದದ್ದೇ 1997ರಲ್ಲಿ. 1991ರ ಜನಗಣತಿಯಲ್ಲಿ ಇಳಕಲ್ಲು, ಗುಳೇದಗುಡ್ಡ ಎರಡೂ ಬಿಜಾಪುರ ಜಿಲ್ಲೆಯ ಲೆಕ್ಕಕ್ಕೆ ಸೇರಿವೆ. ಆ ಬಿಜಾಪುರ 2014ರ ನವೆಂಬರ್ 1ರಿಂದ ವಿಜಯಪುರ. ಇನ್ನೂ ಹಿಂದಕ್ಕೆ, 19ನೆಯ ಶತಮಾನದ ಬ್ರಿಟಿಷ್ ದಾಖಲೆಗೆ ಹೋದರೆ ಅದೇ ಸೀಮೆ ಕಲಾದಗಿ ಜಿಲ್ಲೆ. ಸಾಲದ್ದಕ್ಕೆ ಛತ್ತೀಸಗಡದಲ್ಲೂ ಒಂದು ಬಿಜಾಪುರ ಜಿಲ್ಲೆ ಇದೆ. ಬರೀ ಬಿಜಾಪುರ ಎಂದು ಹಾಕಿದರೆ ಬಸ್ತರದ ಕಾಡು, ನಕ್ಸಲರು ಎಲ್ಲ ನೇಕಾರರ ಜೊತೆ ಬಂದು ಕೂಡುತ್ತಾರೆ.

ಆದ್ದರಿಂದ ಊರಿನ ಹೆಸರುಗಳನ್ನೆಲ್ಲ ‘ಆರ್’ ಎಂಬ ಜೋಡಣೆಯಿಂದ ಕೂಡಿಸಿ ಒಂದು ಆವರಣದೊಳಗೆ ಹಾಕಿ, ಕಸುಬಿನ ಪದಗಳಾದ ಹ್ಯಾಂಡ್‌ಲೂಮ್, ವೀವರ್, ಇಳಕಲ್ ಸೀರೆ, ಖಣ ಇವನ್ನು ಇನ್ನೊಂದು ಆವರಣದೊಳಗೆ ಹಾಕಿ, ಛತ್ತೀಸಗಡದ ಮುಂದೆ ಮೈನಸ್ ಗುರುತು ಇಡಿಸಬೇಕು. ಗೂಗಲ್ ಸ್ಕಾಲರಿನಲ್ಲಿ ಆ ‘ಆರ್’ ಇಂಗ್ಲಿಷ್ ದೊಡ್ಡಕ್ಷರದಲ್ಲೇ ಇರಬೇಕು, ಸಣ್ಣಕ್ಷರವಾದರೆ ಜೋಡಣೆ ಕೆಲಸ ಮಾಡುವುದಿಲ್ಲ. ಟ್ಯಾಬ್ ಕೈಕೊಡುವುದು ಸರಿಯಾಗಿ ಈ ಜಾಗದಲ್ಲಿ. ಆವರಣ, ಉದ್ಧರಣ ಚಿಹ್ನೆ, ಮೈನಸ್ ಎಲ್ಲ ಪರದೆಯ ಕೀಲಿಮಣೆಯ ಎರಡನೆಯ ಪುಟದಲ್ಲಿ ಅಡಗಿರುತ್ತವೆ. ತನ್ನಿಂತಾನೇ ತಿದ್ದುವ ಸೌಲಭ್ಯ ಇಳಕಲ್ ಎಂಬ ಹೆಸರನ್ನು ತನಗೆ ಗೊತ್ತಿರುವ ಯಾವುದೋ ಇಂಗ್ಲಿಷ್ ಪದವಾಗಿಸಲು ಹೋಗುತ್ತದೆ. ಹನ್ನೆರಡರಲ್ಲೂ ಅದನ್ನು ಮೊದಲೇ ಆಫ್ ಮಾಡಿ. ಐಪ್ಯಾಡ್ ಆದರೆ ಕೀಲಿಮಣೆಯ ಸೆಟ್ಟಿಂಗಿನಲ್ಲಿ ಸ್ಮಾರ್ಟ್ ಪಂಕ್ಚುಯೇಶನ್ ಕೂಡ ಆಫ್ ಇರಲಿ. ಅದು ನೇರ ಉದ್ಧರಣ ಚಿಹ್ನೆಯನ್ನು ಬಾಗಿದ್ದಾಗಿ ಬದಲಿಸುತ್ತದೆ, ಕೆಲವು ಡೇಟಾಬೇಸುಗಳಿಗೆ ಬಾಗಿದ ಚಿಹ್ನೆ ಅರ್ಥವಾಗುವುದಿಲ್ಲ. ಹುಡುಗಿ ಬರೆದದ್ದು ಸರಿಯೇ ಇರುತ್ತದೆ, ಫಲಿತಾಂಶ ಮಾತ್ರ ಸೊನ್ನೆ.

ಸಂಶೋಧನಾ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದ ಪಾಠಕ್ಕೆ ಬೇರೆಯದೇ ಎಚ್ಚರ ಬೇಕು. ಅಲ್ಲಿ ಪಿಎಚ್‌ಡಿ ಪ್ರಬಂಧ ಒಂದೇ ಕಡತವಾಗಿ ಸಿಗುವುದಿಲ್ಲ, ಅಧ್ಯಾಯಕ್ಕೊಂದು ಪಿಡಿಎಫ್. ಕಡತಗಳ ಹೆಸರು ಬಹುತೇಕ ಎಲ್ಲ ಪ್ರಬಂಧಕ್ಕೂ ಒಂದೇ: ಶೀರ್ಷಿಕೆ ಪುಟ 01ರಿಂದ ಶುರು, ಕೊನೆಗೆ 80 ಅಂಕಿಯ ಶಿಫಾರಸುಗಳ ಕಡತ. ಒಂದೇ ಟ್ಯಾಬಿನಲ್ಲಿ ಮೂರು ಪ್ರಬಂಧ ಇಳಿಸಿದರೆ ಡೌನ್‌ಲೋಡ್ ಕಪಾಟಿನಲ್ಲಿ ಮೂರು 01, ಮೂರು 80 ಕುಳಿತಿರುತ್ತವೆ, ಯಾವುದು ಯಾರದೆಂದು ತೆರೆದೇ ನೋಡಬೇಕು. ಇಳಿಸಿದ ಕೂಡಲೇ ಲೇಖಕರ ಹೆಸರು, ವರ್ಷ, ಅಧ್ಯಾಯ ಎಂದು ಹೆಸರು ಬದಲಿಸುವ ಅಭ್ಯಾಸವನ್ನು ಮೊದಲ ದಿನವೇ ಹಚ್ಚಿ. ಆ 80 ಅಂಕಿಯ ಕಡತವನ್ನು ಮೊದಲು ತೆರೆಯಲು ಹೇಳುವುದೂ ಒಳ್ಳೆಯದು. ಬಹಳ ಸಲ ಅದರಲ್ಲೇ ಸಮಾರೋಪ ಸಿಗುತ್ತದೆ. ಇಡೀ ಪ್ರಬಂಧ ತನಗೆ ಬೇಕೋ ಬೇಡವೋ ಎಂದು ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಇಲ್ಲೊಂದು ಗಂಟು ಕಾದಿರುತ್ತದೆ. ಹಳೆಯ ಕನ್ನಡ ಪ್ರಬಂಧಗಳು ಯೂನಿಕೋಡಿನಲ್ಲಿಲ್ಲ, ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಟೈಪಾದವು. ಪರದೆಯ ಮೇಲೆ ಚೊಕ್ಕ ಕನ್ನಡವೇ ಕಾಣುತ್ತದೆ. ಆದರೆ ಪಿಡಿಎಫ್ ಒಳಗೆ ‘ವಚನ’ ಎಂದು ಹುಡುಕಿದರೆ ಇಲ್ಲ ಎನ್ನುತ್ತದೆ, ನಕಲು ಮಾಡಿ ಅಂಟಿಸಿದರೆ ತಲೆಬುಡವಿಲ್ಲದ ರೋಮನ್ ಅಕ್ಷರ ಬೀಳುತ್ತದೆ. ಪುಟದಲ್ಲಿ ಆ ಪದ ಇಲ್ಲವೆಂದು ನಂಬಿ ಮುಚ್ಚುವವರೇ ಹೆಚ್ಚು. ಟ್ಯಾಬಿನಲ್ಲಿ ಇದಕ್ಕೆ ಉಪಾಯವಿದೆ: ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿಗೆ ಕೊಟ್ಟರೆ ಅದು ಚಿತ್ರ ನೋಡಿ ಯೂನಿಕೋಡ್ ಕನ್ನಡವಾಗಿ ಓದಿಕೊಡುತ್ತದೆ. ಒತ್ತಕ್ಷರ, ಅರ್ಕಾವತ್ತು, ಅಡಿಟಿಪ್ಪಣಿಯ ಸಣ್ಣ ಅಂಕಿಗಳಲ್ಲಿ ಎಡವುತ್ತದೆ, ಮೂಲದ ಪಕ್ಕ ಇಟ್ಟು ತಿದ್ದಲೇಬೇಕು. ಕ್ಯಾಮೆರಾ ಮತ್ತು ಪರದೆ ಒಂದೇ ಹಲಗೆಯಲ್ಲಿರುವುದು ಇಲ್ಲಿ ದೊಡ್ಡ ಅನುಕೂಲ. ಕಪಾಟಿನ ಹಳೆಯ ಪುಸ್ತಕದ ಪುಟಕ್ಕೂ ಇದೇ ನಡೆ, ಕಂಪ್ಯೂಟರ್ ಮುಂದೆ ಕೂತರೆ ಇದು ಆಗುವುದಿಲ್ಲ.

ಇಂಟರ್‌ನೆಟ್ ಆರ್ಕೈವಿನಲ್ಲಿರುವ ಕನ್ನಡ ಪುಸ್ತಕಗಳ ಕಥೆ ಇನ್ನೊಂದು ಥರ. ಭಾರತದ ಡಿಜಿಟಲ್ ಗ್ರಂಥಾಲಯ ಯೋಜನೆಯಿಂದ ಅಲ್ಲಿಗೆ ಹೋದ ಪುಸ್ತಕಗಳ ಹೆಸರು ರೋಮನ್ ಲಿಪಿಯಲ್ಲಿ, ಅದೂ ಬರೆದವರ ಮನಸ್ಸಿಗೆ ಬಂದ ಕಾಗುಣಿತದಲ್ಲಿದೆ. ಕನ್ನಡದಲ್ಲಿ ಹುಡುಕಿದರೆ ಬರುವುದಿಲ್ಲ. ದೀರ್ಘಕ್ಕೆ ಒಂದು ‘ಎ’ ಹಾಕಿ ನೋಡಿ, ಎರಡು ಹಾಕಿ ನೋಡಿ, ‘ಳ’ ಇದ್ದಲ್ಲಿ ‘ಎಲ್’ ಹಾಕಿ ನೋಡಿ ಎಂದು ಕಲಿಸಬೇಕು. ಹತ್ತು ನಿಮಿಷ ಈ ಆಟ ಆಡಿಸಿದರೆ ಪುಸ್ತಕದ ಬಗ್ಗೆ ಬರೆದಿಟ್ಟ ವಿವರ, ಅಂದರೆ ಮೆಟಾಡೇಟಾ, ಎಂದರೇನು ಎಂಬ ಉಪನ್ಯಾಸವೇ ಬೇಡ.

ಧ್ವನಿಯಿಂದ ಕನ್ನಡ ಟೈಪಿಸುವುದು ಜಿಬೋರ್ಡಿನಲ್ಲಿ ಚೆನ್ನಾಗಿದೆ. ಆದರೆ ಹತ್ತು ಜೋಡಿ ಒಟ್ಟಿಗೆ ನೇಕಾರರು, ನೇಕಾರರು ಎನ್ನತೊಡಗಿದರೆ ಅದು ಗ್ರಂಥಾಲಯವೋ ಸಂತೆಯೋ ಎನಿಸುತ್ತದೆ.

ಎಲ್ಲಕ್ಕಿಂತ ಟ್ಯಾಬ್ ಹೊಂದುವುದು ರ‍್ಯಾಕುಗಳ ನಡುವೆ. ಗ್ರಂಥಾಲಯದ ಕ್ಯಾಟಲಾಗ್ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶದಲ್ಲಿದ್ದರೆ ಅದು ಟ್ಯಾಬಿನ ಬ್ರೌಸರಿನಲ್ಲಿ ಸಲೀಸಾಗಿ ತೆರೆಯುತ್ತದೆ. 480 ಗ್ರಾಮಿನ ಹಲಗೆ ಹಿಡಿದು, ಡ್ಯೂಯಿ ವರ್ಗೀಕರಣದ 954.87ರ ಕರ್ನಾಟಕ ಇತಿಹಾಸದ ಸಾಲಿಗೋ 894.814ರ ಕನ್ನಡ ಸಾಹಿತ್ಯದ ಸಾಲಿಗೋ ನಡೆದು, ಕ್ಯಾಟಲಾಗಿನಲ್ಲಿ ಸಿಕ್ಕ ಪುಸ್ತಕದ ಅಕ್ಕಪಕ್ಕದವನ್ನೂ ತೆಗೆದು, ಹಿಂದಿನ ಪದಸೂಚಿಯಲ್ಲಿ ಕಂಡ ಹೊಸ ಪದವನ್ನು ಅಲ್ಲೇ ನಿಂತು ಡೇಟಾಬೇಸಿಗೆ ಹಾಕಿ ನೋಡಬಹುದು. ಮುದ್ರಿತ ಪುಸ್ತಕ, ಆನ್‌ಲೈನ್ ಲೇಖನ ಎರಡೂ ಒಂದೇ ಹುಡುಕಾಟದ ಭಾಗವೆಂದು ಮೇಜಿನ ಕಂಪ್ಯೂಟರಿನಲ್ಲಿ ತೋರಿಸುವುದು ಕಷ್ಟ. ಟ್ಯಾಬುಗಳಿಗೆ ಬಾರ್‌ಕೋಡ್ ಹಚ್ಚಿ, ಪುಸ್ತಕದಂತೆಯೇ ಸಾಫ್ಟ್‌ವೇರಿನಲ್ಲಿ «ಒಳಗೆ ಮಾತ್ರ» ಎಂದು ಎರವಲು ಕೊಟ್ಟರೆ ಲೆಕ್ಕ ತಪ್ಪುವುದಿಲ್ಲ.

ಪತ್ರಿಕೆಯ ಗುಣ ಅಳೆಯುವುದೂ ಈಗ ವಿದ್ಯಾರ್ಥಿಯ ಹೆಗಲಿಗೇ ಬಂದಿದೆ, ಒಪ್ಪಬಹುದಾದ ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿ ನಿಲ್ಲಿಸುವುದಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗ 2025ರ ಫೆಬ್ರವರಿಯಲ್ಲಿ ಹೇಳಿದ ಮೇಲೆ. ಪರದೆ ಇಬ್ಭಾಗ ಮಾಡಿ ಒಂದು ಬದಿಗೆ ಲೇಖನ, ಇನ್ನೊಂದು ಬದಿಗೆ ಆ ಪತ್ರಿಕೆಯ ಸಂಪಾದಕ ಮಂಡಳಿಯ ಪುಟ ತೆರೆಸಿ. ಎಐ ಚಾಟ್ ಕೊಟ್ಟ ಆಕರಗಳಿಗೂ ಇದೇ ಪರೀಕ್ಷೆ: ಲೇಖನದ ಗುರುತಿನ ಅಂಕಿಯಾದ, 10ರಿಂದ ಶುರುವಾಗುವ ಡಿಒಐಯನ್ನು ಡಿಒಐ ತಾಣದಲ್ಲಿ ಅಂಟಿಸಬೇಕು. ಪುಟವೇ ತೆರೆಯದಿದ್ದರೆ ಅಥವಾ ಬೇರೆ ಯಾವುದೋ ಲೇಖನ ತೆರೆದರೆ ಆ ಆಕರವನ್ನು ಬಿಟ್ಟುಬಿಡಬೇಕು.

ಬರವಣಿಗೆಗೆ ಒಂದೇ ಅಂಕ ಕೊಟ್ಟದ್ದಕ್ಕೆ ಕಾರಣ ಜೊಟೆರೊ. ಆಕರ ಕೂಡಿಡುವ ಈ ಉಚಿತ ತಂತ್ರಾಂಶ ಐಪ್ಯಾಡಿಗೂ ಆಂಡ್ರಾಯ್ಡಿಗೂ ಇದೆ, 300 ಎಂಬಿ ಜಾಗ ಪುಕ್ಕಟೆ. ಪಿಡಿಎಫ್ ಓದಿ ಗೆರೆ ಎಳೆಯಲು ಚೆನ್ನಾಗಿದೆ. ಆದರೆ ಪ್ರಬಂಧ ಬರೆಯುತ್ತ ಆಕರವನ್ನು ವಾಕ್ಯದ ನಡುವೆ ಸೇರಿಸಿ, ಕೊನೆಗೆ ಗ್ರಂಥಸೂಚಿ ತಾನೇ ಮೂಡುವ ಜೋಡಣೆ ಕಂಪ್ಯೂಟರಿನಲ್ಲಿ ಮಾತ್ರ. ಟ್ಯಾಬ್ ಅಡ್ಡ ಹಿಡಿದಾಗ ಕೀಲಿಮಣೆಯೇ ಹತ್ತಿರ ಹತ್ತಿರ ಅರ್ಧ ಪರದೆ ನುಂಗುವುದು ಬೇರೆ ಮಾತು. ಬ್ಲೂಟೂತ್ ಕೀಲಿಮಣೆ ಹನ್ನೆರಡು ಕೊಳ್ಳುವ ದುಡ್ಡಿನಲ್ಲಿ ಹಳೆಯ ಡೆಸ್ಕ್‌ಟಾಪುಗಳಿಗೆ ಎಸ್‌ಎಸ್‌ಡಿ ಹಾಕಿಸಿ, ಬರೆಯುವ ಪಾಠ ಅಲ್ಲೇ ಮಾಡಿ.

ಚಾರ್ಜಿಂಗಿನ ಲೆಕ್ಕ ಮೊದಲೇ ಹಾಕಬೇಕು. ಈ ಟ್ಯಾಬ್ ತೆಗೆದುಕೊಳ್ಳುವುದು ಹೆಚ್ಚೆಂದರೆ 15 ವ್ಯಾಟ್, ಬ್ಯಾಟರಿಯ ಹೊಟ್ಟೆ ಸುಮಾರು 27 ವ್ಯಾಟ್-ತಾಸು. ಖಾಲಿಯಿಂದ ತುಂಬಲು ಕಾಗದದ ಮೇಲೆ ಎರಡು ತಾಸಿನ ಹತ್ತಿರ, ನಿಜದಲ್ಲಿ ಮೂರು. ಬೆಳಗಿನ ತರಗತಿ ಮುಗಿಸಿ ಮಧ್ಯಾಹ್ನದ್ದಕ್ಕೆ ತುಂಬಿಸುತ್ತೇವೆ ಎಂದರೆ ಆಗುವ ಮಾತಲ್ಲ, ರಾತ್ರಿಯೇ ತುಂಬಿರಬೇಕು. ಹನ್ನೆರಡೂ ಕೂಡಿ 180 ವ್ಯಾಟ್, 6 ಆಂಪಿಯರಿನ ಸಾಕೆಟ್ಟಿಗೆ ಅದು ಭಾರವೇ ಅಲ್ಲ. ಭಾರವಾಗುವುದು ಅಗ್ಗದ ಎಕ್ಸ್‌ಟೆನ್ಶನ್ ಬೋರ್ಡಿನ ಸಡಿಲ ಪಿನ್ನುಗಳು. ಅಡಾಪ್ಟರ್ ಡಬ್ಬಿಯಲ್ಲೇ ಬರುತ್ತದೋ ಇಲ್ಲವೋ ಎಂಬುದನ್ನು ಕೊಟೇಷನ್ನಿನಲ್ಲೇ ಬರೆಸಿಕೊಳ್ಳಿ. ಇಲ್ಲವಾದರೆ ಟ್ಯಾಬ್ ಬಂದು ಕೂತಿರುತ್ತದೆ, ಚಾರ್ಜರಿಗೆ ಮತ್ತೊಂದು ಕಡತ ತೆರೆಯಬೇಕಾಗುತ್ತದೆ.

ಬೀಗದ ಕಬ್ಬಿಣದ ಕಪಾಟಿನೊಳಗೆ ಇಟ್ಟು ಚಾರ್ಜ್ ಮಾಡುವವರು ಹಿಂಬದಿಯಲ್ಲಿ ಗಾಳಿಯಾಡುವ ತೂತು ಕೊರೆಸಬೇಕು. ಏಪ್ರಿಲ್‌, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದಾಗ ಮುಚ್ಚಿದ ಕಪಾಟಿನೊಳಗೆ ಚಾರ್ಜಾಗುವ ಲಿಥಿಯಂ ಬ್ಯಾಟರಿ ಬೇಗ ಸವೆಯುತ್ತದೆ. ಬ್ಯಾಟರಿ ರಕ್ಷಣೆಯ ಸೆಟ್ಟಿಂಗಿನಲ್ಲಿ ಶೇ 80ರ ಮಿತಿ ಹಾಕಿ, ತಾಸಿನ ತರಗತಿಗೆ ಅಷ್ಟು ಧಾರಾಳ. ಬೇಸಿಗೆ ರಜೆಗೆ ಮುಚ್ಚುವಾಗ ಪೂರ್ತಿ ತುಂಬಿಸಿಯೂ ಇಡಬೇಡಿ, ಖಾಲಿಯೂ ಬಿಡಬೇಡಿ. ಶೇ 50ರ ಆಸುಪಾಸಿನಲ್ಲಿ ಆಫ್ ಮಾಡಿ, ಪತ್ರಾಸ ಹೊದಿಸಿದ ಖೋಲಿ ಬಿಟ್ಟು ಕೆಳಮಹಡಿಯ ತಂಪು ಕಪಾಟಿನಲ್ಲಿಡಿ. ಜೂನಿನಲ್ಲಿ ತೆಗೆದ ದಿನ ಮೊದಲು ಹಿಂಬದಿ ನೋಡಿ. ಮುಚ್ಚಳ ಉಬ್ಬಿ ಪರದೆಯ ಅಂಚು ಎದ್ದಿದ್ದರೆ ಆ ಟ್ಯಾಬನ್ನು ಚಾರ್ಜಿಗೆ ಹಾಕಬೇಡಿ, ಬೇರೆ ಇಟ್ಟು ಸರ್ವಿಸ್ ಸೆಂಟರಿಗೆ ಕಳಿಸಿ.